ಹಿರಿಯರ ಜೊತೆ ಕೆಲಸ ಮಾಡಬೇಕಾ? ಓದು ಹೀಗೆ ಶುರು ಮಾಡಿ

ಜೆರೊಂಟಾಲಜಿ ಎಂದ ಕೂಡಲೇ ಡಾಕ್ಟರ್ ಓದು ಅಂದುಕೊಳ್ಳುವವರೇ ಜಾಸ್ತಿ. ವಯಸ್ಸಾದವರ ಕಾಯಿಲೆಗೆ ಔಷಧಿ ಕೊಡುವ ಓದು ಜೆರಿಯಾಟ್ರಿಕ್ಸ್, ಅದಕ್ಕೆ ಎಂಬಿಬಿಎಸ್ ಬೇಕೇ ಬೇಕು. ಜೆರೊಂಟಾಲಜಿಯಲ್ಲಿ ಮುಪ್ಪನ್ನೇ ಓದುತ್ತೇವೆ. ದೇಹ, ಮನಸ್ಸು, ಮನೆ, ದುಡ್ಡು, ಕಾನೂನು ಎಲ್ಲ ಬರುತ್ತದೆ. ಬಿಎ ಮಾಡಿದವರೂ ಈ ಕಡೆ ಬರಬಹುದು.

ನಮ್ಮಲ್ಲಿ ಇದೇ ಹೆಸರಿನ ಡಿಗ್ರಿ ಕಡಿಮೆ. ಹೆಚ್ಚಿನವರು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ಸ್ ಡಿಗ್ರಿ), ಸೈಕಾಲಜಿ, ನರ್ಸಿಂಗ್ ಅಥವಾ ಫಿಸಿಯೋಥೆರಪಿ ಓದಿ, ಫೀಲ್ಡ್‌ವರ್ಕನ್ನು ಹಿರಿಯರ ನಡುವೆ ಮಾಡಿ ಬರುತ್ತಾರೆ. ಕೇಂದ್ರ ಸರ್ಕಾರದ ಅಡಿಯಲ್ಲಿರುವ ದೆಹಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಡಿಫೆನ್ಸ್ ಹಿರಿಯರ ಆರೈಕೆಗೆಂದೇ ತರಬೇತಿ ನಡೆಸುತ್ತದೆ. ಎಲ್ಲೇ ಸೇರಿ, ಫೀ ಕಟ್ಟುವ ಮುಂಚೆ ಒಂದು ಮಾತು ಕೇಳಿ: ಫೀಲ್ಡ್‌ವರ್ಕ್ ಎಲ್ಲಿ, ವಾರಕ್ಕೆ ಎಷ್ಟು ದಿನ? ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಓದಿನಲ್ಲಿ ಮೊದಲು ಕೈಗೆ ಸಿಗುವುದು ಕಾಟ್ಜ್ ಪಟ್ಟಿ. 1963ರದು, ಈಗಲೂ ಬಳಸುತ್ತಾರೆ. ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಈ 6 ಕೆಲಸ ತಾವೇ ಮಾಡಿಕೊಳ್ಳುತ್ತಾರಾ ಎಂದು ನೋಡಬೇಕು. ಬಾಯಿಪಾಠ ಮಾಡಲು 5 ನಿಮಿಷ ಸಾಕು, ಕೇಳುವುದನ್ನು ಕಲಿಯಲು ನನಗಂತೂ ವರ್ಷಗಳೇ ಬೇಕಾದವು. ಮೊದಮೊದಲು ನಾನು "ಅಜ್ಜಿ, ಸ್ನಾನ ನೀವೇ ಮಾಡ್ತೀರಾ?" ಅಂತ ಸೊಸೆ ಎದುರಿಗೇ ಕೇಳಿಬಿಡುತ್ತಿದ್ದೆ. ಎಲ್ಲರೂ "ಹೂಂ" ಅನ್ನುತ್ತಿದ್ದರು. ಮರ್ಯಾದೆಯ ಪ್ರಶ್ನೆ ಅಲ್ವಾ? ಈಗ ಒಬ್ಬರೇ ಇರುವಾಗ ಪಕ್ಕದಲ್ಲಿ ಕೂತು ಕೇಳುತ್ತೇನೆ: ನೀರು ಯಾರು ಬಿಡ್ತಾರೆ, ಬೆನ್ನು ಯಾರು ಉಜ್ಜುತ್ತಾರೆ, ಬಚ್ಚಲಲ್ಲಿ ಏನು ಹಿಡ್ಕೊಂಡು ಏಳ್ತೀರಿ? ಆಗ ನಲ್ಲಿ ಹಿಡಿದು ಏಳುವುದು, ಬೀಳುವ ಭಯಕ್ಕೆ ಎರಡು ದಿನಕ್ಕೊಮ್ಮೆ ಸ್ನಾನ ಮಾಡುವುದು, ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆಯಿಂದಲೇ ನೀರು ಕುಡಿಯದೆ ಇರುವುದು, ಎಲ್ಲ ಒಂದೊಂದಾಗಿ ಹೊರಗೆ ಬರುತ್ತದೆ.

ನೆನಪಿನ ಪರೀಕ್ಷೆಯಲ್ಲೂ ಇದೇ ಎಚ್ಚರ ಬೇಕು. ಶಾಲೆಗೆ ಹೋಗದವರಿಗೆ 100ರಿಂದ 7 ಕಳೆಯುತ್ತಾ ಹೋಗಿ ಅಂದರೆ ಆಗುವುದಿಲ್ಲ, ಅದು ಮರೆವಲ್ಲ. ಇವತ್ತು ಎಷ್ಟನೇ ತಾರೀಖು ಅಂದರೆ ಸುಮ್ನೆ ಇರುವ ಅಜ್ಜಿ, "ಮೊನ್ನೆ ಅಮಾವಾಸ್ಯೆ ಆಯ್ತು, ಈಗ ಸ್ವಾತಿ ಮಳೆ" ಅಂತ ಸರಿಯಾಗಿ ಹೇಳಬಹುದು. ಮನೆಗೆಲಸದ ಬಗ್ಗೆ ಕೇಳುವ ಬೇರೆ ಪಟ್ಟಿಗಳೂ ಇವೆ, ಅಡುಗೆಮನೆಗೇ ಹೋಗದ ತಾತನಿಗೆ ಅಲ್ಲಿ ಅಡುಗೆಯ ಸಾಲಿನಲ್ಲಿ ಸೊನ್ನೆ ಹಾಕಿದರೂ ತಪ್ಪೇ. ಮೊದಲು ಏನು ಮಾಡುತ್ತಿದ್ದರು, ಈಗ ಯಾವುದು ಬಿಟ್ಟುಹೋಗಿದೆ, ಯಾವಾಗಿನಿಂದ, ಇದನ್ನು ಕೇಳಿ.

ಕಾನೂನನ್ನು ಬದಿಗಿಡಬೇಡಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯನ್ನು ಪೂರ್ತಿ ಓದಿ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು 23ನೇ ಸೆಕ್ಷನ್ ದಾರಿ ಕೊಡುತ್ತದೆ. ಕರ್ನಾಟಕದಲ್ಲಿ ಅರ್ಜಿ ಹೋಗುವುದು ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿಗೆ. ಹಿರಿಯರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾಕ್ಕೆ ವಯಸ್ಸು 65 ಆಗಿರಬೇಕು ಎನ್ನುವಂಥ ವಿಷಯ ನಾಲಿಗೆ ತುದಿಯಲ್ಲಿರಲಿ. ಹಿರಿಯರ ಸಹಾಯವಾಣಿ 14567 ಅನ್ನೂ ಅಷ್ಟೇ.

ಕೆಲಸ ಸಿಗುವುದು ವೃದ್ಧಾಶ್ರಮ, ಡೇ ಕೇರ್, ಆಸ್ಪತ್ರೆ, ಮನೆಗೇ ಹೋಗಿ ಆರೈಕೆ ಮಾಡುವ ಸಂಸ್ಥೆಗಳಲ್ಲಿ. ಶುರುವಿನ ಸಂಬಳ ದೊಡ್ಡದಲ್ಲ. ಅದಕ್ಕೇ ಕೋರ್ಸ್ ಸೇರುವ ಮುಂಚೆ 3 ತಿಂಗಳು, ವಾರಕ್ಕೊಮ್ಮೆ, ಒಂದೇ ಹಿರಿಯರ ಹತ್ತಿರ ಹೋಗಿ ಕೂತು ನೋಡಿ. ಅದೇ ಕತೆ ನಾಲ್ಕನೇ ಸಲ ಕೇಳುವಾಗ ನಿಮಗೆ ಹೇಗನಿಸುತ್ತದೆ ಎಂದು ಬರೆದಿಡಿ.

ಇನ್ನೊಂದು. ಓದುವಾಗಲೇ ನೀವು ನೋಡುತ್ತಿದ್ದವರೊಬ್ಬರು ತೀರಿಕೊಳ್ಳಬಹುದು. ಅಳು ಬಂದರೆ ಅತ್ತುಬಿಡಿ, ಮೇಡಂ ಅಥವಾ ಸರ್ ಹತ್ತಿರ ಹೇಳಿಕೊಳ್ಳಿ. ಮುಂದಿನ ವಾರ ಅದೇ ಮನೆಗೆ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ತಾತ ಹೋಗಿರುತ್ತಾರೆ, ಅಜ್ಜಿ ಅಲ್ಲೇ ಇರುತ್ತಾರೆ.