ದುಬಾಯಿಗೆ ಹೊರಟಿದ್ದೀರಾ? ದುರ್ಬೀನು ಮರೀಬೇಡಿ

ನಮ್ಮ ಕಾಸರಗೋಡಿನವರಿಗೆ ವಿದೇಶ ಪ್ರವಾಸ ಅಂದರೆ ಹೆಚ್ಚಾಗಿ ಗಲ್ಫ್. ಅಣ್ಣನೋ ಭಾವನೋ ಅಲ್ಲಿರುತ್ತಾರೆ. ವಿಸಿಟ್ ವೀಸಾ ತೆಗೆಸುತ್ತಾರೆ. ಮನೆಮಂದಿ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುತ್ತಾರೆ. ಆಮೇಲೆ ಬುರ್ಜ್ ಖಲೀಫಾ, ಒಂದು ಮಾಲ್, ಇನ್ನೊಂದು ಮಾಲ್. ಮೂರನೇ ದಿನಕ್ಕೆ ಮಕ್ಕಳು ಮೊಬೈಲ್ ಹಿಡಿದು ಸೋಫಾದಲ್ಲಿ.

ಹಕ್ಕಿ ನೋಡ್ಲಿಕ್ಕೆ ಹೋಗುವ ಅಂದಾಗ ಅಮ್ಮ ನಕ್ಕಿದ್ದರು. "ಅಲ್ಲಿ ಎಂತ ಹಕ್ಕಿ ಉಂಟು? ಬರೀ ಹೊಯ್ಗೆ ಅಲ್ವಾ?"

ಹೊಯ್ಗೆ ಉಂಟು, ಹಕ್ಕಿಯೂ ಉಂಟು. ದುಬಾಯಿಗೆ ಇಳಿದ ಮರುದಿನ ಬೆಳಿಗ್ಗೆ ಅಣ್ಣನ ಫ್ಲ್ಯಾಟಿನ ಎದುರಿನ ಪಾರ್ಕಿನಲ್ಲಿ ಚಂದ್ರಮುಕುಟವನ್ನು ಮೊದಲು ಕಂಡದ್ದು ಅಮ್ಮನೇ. ಉದ್ದ ಕೊಕ್ಕಿನಿಂದ ಹುಲ್ಲು ಕುಕ್ಕುತ್ತಾ, ನಡುನಡುವೆ ತಲೆಯ ಜುಟ್ಟು ಬಿಚ್ಚುತ್ತಾ ಅದು ನಮ್ಮ ಬೆಂಚಿನ ಪಕ್ಕವೇ ಹಾದು ಹೋಯಿತು.

ಮೊದಲು ರಜೆ ಗೊತ್ತುಮಾಡಿ

ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್, ಮೇ. ಅಷ್ಟೊತ್ತಿಗೆ ಅಲ್ಲಿ ಬಿಸಿಲು ಏರಿರುತ್ತದೆ, ಚಳಿಗಾಲದ ಹಕ್ಕಿಗಳಲ್ಲಿ ಹೆಚ್ಚಿನವು ಉತ್ತರಕ್ಕೆ ಹೊರಟಿರುತ್ತವೆ. ಓಣಂ ರಜೆಯ ಸೆಕೆಯಂತೂ ಕೇಳುವುದೇ ಬೇಡ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಹಾಗಾಗಿ ಕ್ರಿಸ್ಮಸ್ ರಜೆಯೇ ಸರಿ. ಆಗ ಟಿಕೆಟಿಗೆ ದುಡ್ಡು ಜಾಸ್ತಿ, ಬೇಗ ಬುಕ್ ಮಾಡಿ.

ದುರ್ಬೀನು: ಊರಲ್ಲೇ ಕೈ ಪಳಗಲಿ

ಮನೆಗೆ ಒಂದು ಸಾಕು ಅಂತ ನಾನು ಅಂದುಕೊಂಡಿದ್ದೆ. ತಪ್ಪು. ಇಬ್ಬರು ಮಕ್ಕಳಿಗೆ ಒಂದೇ ದುರ್ಬೀನು ಕೊಟ್ಟರೆ ಜಗಳ ಶುರುವಾಗಿ ಹಕ್ಕಿ ಹಾರಿಹೋಗುತ್ತದೆ. ಎರಡಾದರೂ ಇರಲಿ.

ಕೊಳ್ಳುವಾಗ 8×42 ಅಂತ ಬರೆದದ್ದು ನೋಡಿ. 8 ಅಂದರೆ ವಸ್ತು ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಅಂಗಡಿಯವರು 20 ಪಟ್ಟಿನದ್ದು ತೋರಿಸಿ ಆಸೆ ಹುಟ್ಟಿಸಬಹುದು, ಬೇಡ. ಕೈ ಸ್ವಲ್ಪ ನಡುಗಿದರೂ ಅದರಲ್ಲಿ ಚಿತ್ರ ಕುಣಿಯುತ್ತದೆ. ಸಣ್ಣ ಮಕ್ಕಳಿಗೆ 8×32 ಹಗುರ.

ಹೊಂದಿಸುವುದು ಹೀಗೆ. ಮೊದಲು ಎರಡು ಕೊಳವೆಗಳನ್ನು ಮಡಚಿ, ಬಿಡಿಸಿ, ಎರಡು ವೃತ್ತ ಸೇರಿ ಒಂದಾಗುವಂತೆ ಮಾಡಿ. ಆಮೇಲೆ ಬಲಗಣ್ಣು ಮುಚ್ಚಿ ದೂರದ ಒಂದು ಬೋರ್ಡು ನೋಡುತ್ತಾ ನಡುವಿನ ಚಕ್ರ ತಿರುಗಿಸಿ. ಅಕ್ಷರ ಸ್ಪಷ್ಟವಾದ ಮೇಲೆ ಎಡಗಣ್ಣು ಮುಚ್ಚಿ. ಈಗ ಅದೇ ಬೋರ್ಡಿಗೆ ಬಲಗಣ್ಣಿನ ಹತ್ತಿರದ ಬಳೆಯನ್ನು ಮಾತ್ರ ತಿರುಗಿಸಿ. ಹೆಚ್ಚಿನ ದುರ್ಬೀನುಗಳಲ್ಲಿ ಆ ಬಳೆ ಬಲಗಡೆಯೇ ಇರುತ್ತದೆ. ಅಲ್ಲಿಂದ ಮುಂದೆ ನಡುವಿನ ಚಕ್ರ ಒಂದೇ ಸಾಕು. ಕನ್ನಡಕದವರು ಕಣ್ಣಿನ ರಬ್ಬರು ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಿ. ನಮ್ಮಲ್ಲಿ ಇದನ್ನು ಮಾಡದೆ "ಎಂತದೂ ಕಾಣ್ತಾ ಇಲ್ಲ" ಅಂತ ಅಮ್ಮ ಒಂದು ವಾರ ದುರ್ಬೀನು ಮುಟ್ಟಿರಲಿಲ್ಲ.

ಇನ್ನೊಂದು ಗುಟ್ಟು. ದುರ್ಬೀನಿನಲ್ಲಿ ಹಕ್ಕಿ ಹುಡುಕಬೇಡಿ. ಬರಿಗಣ್ಣಲ್ಲಿ ಹಕ್ಕಿ ನೋಡಿ, ದೃಷ್ಟಿ ಅಲ್ಲೇ ನಿಲ್ಲಿಸಿ, ದುರ್ಬೀನನ್ನು ಕಣ್ಣಿಗೆ ತನ್ನಿ. ಕತ್ತು ಅಲ್ಲಾಡಬಾರದು.

ಅಭ್ಯಾಸಕ್ಕೆ ಕುಂಬಳೆ ಹತ್ತಿರದ ಕಿದೂರಿನ ಪದವು ಉಂಟು, ಶಿರಿಯ ಅಳಿವೆ ಉಂಟು. ಕಡಲ ಬದಿಯಲ್ಲಿ ನಿಂತರೆ ಬಿಳಿ ಹೊಟ್ಟೆಯ ಕಡಲ ಹದ್ದು ಸಿಕ್ಕರೂ ಸಿಗಬಹುದು. 2023ರಲ್ಲಿ ಅದನ್ನೇ ನಮ್ಮ ಜಿಲ್ಲೆಯ ಹಕ್ಕಿ ಅಂತ ಘೋಷಿಸಿದ್ದಾರೆ. ಮೊಬೈಲಿಗೆ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹಾಕಿ, ದುಬಾಯಿ ಕಡೆಯ ಹಕ್ಕಿಗಳ ಪ್ಯಾಕನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ.

ಪೆಟ್ಟಿಗೆ ಕಟ್ಟುವಾಗ

ದುರ್ಬೀನು ಕೈಚೀಲದಲ್ಲಿರಲಿ. ಟೋಪಿ, ನೀರಿನ ಬಾಟಲಿ, ಬೆಳಗಿನ ಚಳಿಗೊಂದು ಸ್ವೆಟರ್. ಹೌದು, ಡಿಸೆಂಬರಿನ ಮರುಭೂಮಿಯಲ್ಲಿ ಬೆಳಗಾಗುವಾಗ ಚಳಿ ಆಗುತ್ತದೆ. ಮಕ್ಕಳಿಗೆ ಒಂದೊಂದು ಸಣ್ಣ ನೋಟ್‌ಬುಕ್. ಡ್ರೋನ್ ಬೇಡ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಮತ್ತೆ, ಹಕ್ಕಿಗೆ ಸಂಬಂಧ ಇಲ್ಲದಿದ್ದರೂ ಹೇಳುತ್ತೇನೆ: ಅತ್ತಿಗೆಗೆ ಅಂತ ಗಸಗಸೆ ಕಟ್ಟಬೇಡಿ. ಅಲ್ಲಿ ಅದು ನಿಷಿದ್ಧ.

ಪಾರ್ಕಿನಿಂದ ಶುರುಮಾಡಿ

ಮೊದಲ ದಿನವೇ ದೂರ ಓಡಬೇಡಿ. ಬೆಳಿಗ್ಗೆ ಹತ್ತಿರದ ಪಾರ್ಕಿಗೆ ಹೋಗಿ, ಹುಲ್ಲಿಗೆ ನೀರು ಬಿಡುವ ಜಾಗದ ಬದಿಯಲ್ಲಿ ಕೂತುಕೊಳ್ಳಿ. ಮೈನಾ, ಗಿಳಿ, ಪಿಕಳಾರ, ಟಿಟ್ಟಿಭ ಎಲ್ಲ ನಮ್ಮ ಪರಿಚಯದವರೇ. ಮೈನಾ ಪಂಜರದಿಂದ ತಪ್ಪಿಸಿಕೊಂಡು ಅಲ್ಲಿ ಬೇರೂರಿದ ಹಕ್ಕಿ. ಕರ್ನಾಟಕದ ರಾಜ್ಯ ಹಕ್ಕಿ ನೀಲಕಂಠ ದೀಪದ ಕಂಬದ ಮೇಲೆ ಕೂತಿರುತ್ತದೆ. ನಮ್ಮ ಕರಾವಳಿಯಲ್ಲಿ ಕಾಣುವುದೇ ಅಪರೂಪವಾದ ಬಯಲುಸೀಮೆಯ ಗೌಜಲ ಹಕ್ಕಿ ಅಲ್ಲಿ ಕೋಳಿಮರಿಯ ಹಾಗೆ ಹುಲ್ಲಿನ ಮೇಲೆ ಓಡಾಡುತ್ತದೆ. ಗುರುತಿನ ಹಕ್ಕಿ ಸಿಕ್ಕಿದರೆ ಮಕ್ಕಳಿಗೆ ಹುರುಪು ಬರುತ್ತದೆ. ಆಮೇಲೆ ಬಿಳಿಕೆನ್ನೆಯ ಪಿಕಳಾರ ಕಂಡಾಗ "ಇದು ನಮ್ಮ ಊರಿನದ್ದಲ್ಲ" ಅಂತ ಅವರೇ ಹೇಳುತ್ತಾರೆ.

ರಾಸ್ ಅಲ್ ಖೋರ್

ದುಬಾಯಿಯ ಖೋರ್, ಅಂದರೆ ಕಡಲು ಒಳಗೆ ಚಾಚಿದ ಕೈ, ಹಿಂದೆ ಕೊನೆಯಾಗುತ್ತಿದ್ದ ಜಾಗ ಇದು. 2007ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಪ್ರವೇಶಕ್ಕೆ ದುಡ್ಡಿಲ್ಲ. ಮರೆಯಲ್ಲಿ ಕೂತು ನೋಡುವ ಮನೆಗಳಿವೆ, ಒಳಗೆ ದೊಡ್ಡ ದೂರದರ್ಶಕ ಇಟ್ಟಿರುತ್ತಾರೆ. ತೆರೆಯುವ ಹೊತ್ತು ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ಶನಿವಾರ, ಭಾನುವಾರ ಜನ ಜಾಸ್ತಿ.

ಇಲ್ಲಿ ಅವಸರ ಮಾಡಬೇಡಿ. ರಾಜಹಂಸಗಳ (ಫ್ಲೆಮಿಂಗೊ) ಗುಲಾಬಿ ಹಿಂಡು ಕಂಡ ಕೂಡಲೇ ಫೋಟೊ ತೆಗೆದು ಹೊರಡುವವರೇ ಜಾಸ್ತಿ. ಒಂದೇ ಒಂದು ರಾಜಹಂಸವನ್ನು ಆರಿಸಿ ಹತ್ತು ನಿಮಿಷ ನೋಡಿ. ಕಾಲಿನಿಂದ ಕೆಸರು ತುಳಿಯುತ್ತದೆ. ಕತ್ತು ಬಗ್ಗಿಸಿ ತಲೆಯನ್ನು ಪೂರ್ತಿ ತಲೆಕೆಳಗೆ ಮಾಡಿ ಕೊಕ್ಕನ್ನು ನೀರಿಗೆ ಇಳಿಸುತ್ತದೆ. ನಾಲಿಗೆ ಪಂಪಿನ ಹಾಗೆ ನೀರು ಎಳೆದು ಹೊರಗೆ ತಳ್ಳುತ್ತದೆ. ಕೊಕ್ಕಿನ ಅಂಚಿನ ಜರಡಿಯಲ್ಲಿ ಸಣ್ಣ ಸಿಗಡಿಯಂಥ ಜೀವಿಗಳು ಉಳಿಯುತ್ತವೆ. ಅದರ ಬಣ್ಣ ಬರುವುದೂ ಆ ಊಟದಿಂದಲೇ. ಬೂದು ಬಣ್ಣದ ಹಕ್ಕಿ ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ, ಅದು ಮರಿ. "ಮೊಣಕಾಲು ಹಿಂದಕ್ಕೆ ಮಡಚ್ತದೆ!" ಅಂತ ನನ್ನ ಮಗ ಕೂಗಿದ. ಅದು ಮೊಣಕಾಲಲ್ಲ, ಹಿಮ್ಮಡಿಯ ಗಂಟು. ಮೊಣಕಾಲು ಗರಿಗಳ ಒಳಗೆ ಅಡಗಿರುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆಯೂ ಹೋಗಿ. ಹಕ್ಕಿ ಸಿಗದಿದ್ದರೂ ಕೆಸರಿನಿಂದ ಪೆನ್ಸಿಲಿನ ಹಾಗೆ ಮೇಲೆ ಎದ್ದ ಉಸಿರು ಬೇರುಗಳನ್ನು ಮಕ್ಕಳಿಗೆ ತೋರಿಸಬಹುದು.

ಹೊಯ್ಗೆಯ ಮೇಲೆ ಓದುವುದು

ಮರುಭೂಮಿಗೆ ಅಂದರೆ ಎಲ್ಲರೂ ಜೀಪಿನಲ್ಲಿ ದಿಣ್ಣೆ ಹಾರಿಸುವ ಸಫಾರಿಗೆ ಹೋಗುತ್ತಾರೆ. ಅದರಲ್ಲಿ ಹೊಟ್ಟೆ ತೊಳಸುವುದು ಬಿಟ್ಟರೆ ಪ್ರಾಣಿ ಕಾಣುವುದು ಕಡಿಮೆ. ನಾನು ಹೇಳುವುದಾದರೆ ಅಲ್ ಖುದ್ರಾ ಕೆರೆಗಳಿಗೆ ಹೋಗಿ. ಅಲ್ ಮರ್ಮೂಮ್ ಮರುಭೂಮಿಯಲ್ಲಿ ಮನುಷ್ಯರೇ ಮಾಡಿದ ಕೆರೆಗಳು ಅವು. ಬಾತು, ಕೊಕ್ಕರೆ, ನೀರುಕಾಗೆ ಸಿಗುತ್ತವೆ.

ಬೆಳಕು ಹರಿಯುವ ಮೊದಲೇ ತಲುಪಿ. ಬಿಸಿಲು ಓರೆಯಾಗಿ ಬೀಳುವಾಗ ಹೊಯ್ಗೆಯ ಮೇಲಿನ ಹೆಜ್ಜೆಗಳು ಎದ್ದು ಕಾಣುತ್ತವೆ. ಎರಡು ಸಾಲು ಚುಕ್ಕಿ ಹಾಕಿದ ಹಾಗಿದ್ದರೆ ಜೀರುಂಡೆ. ನಡುವೆ ಬಾಲ ಎಳೆದ ಗೆರೆ ಇದ್ದರೆ ಹಲ್ಲಿ ಜಾತಿಯದ್ದು. ನಮ್ಮ ಮಗಳು ಒಂದು ಜೀರುಂಡೆಯ ಜಾಡು ಹಿಡಿದು ಹೋದಳು. ಜಾಡು ಒಂದು ಹಕ್ಕಿಯ ಹೆಜ್ಜೆ ಇದ್ದಲ್ಲಿ ಮುಗಿಯಿತು. ಅಲ್ಲಿ ಆದದ್ದೇನು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ.

ಬಿಳಿ ಮೈಯ, ನೆಟ್ಟಗಿನ ಉದ್ದ ಕೋಡಿನ ಅರಬಿ ಓರಿಕ್ಸ್ ಎಂಬ ಹುಲ್ಲೆ ಕೂಡ ಈ ಕಡೆ ಕಾಣಸಿಗುತ್ತದೆ. ಕಾಡಿನಲ್ಲಿ ಉಳಿದ ಕೊನೆಯ ಓರಿಕ್ಸ್‌ಗಳು 1972ರಲ್ಲಿ ಒಮಾನಿನಲ್ಲಿ ಬೇಟೆಗೆ ಬಲಿಯಾದವು. ಸಾಕಿ ಉಳಿಸಿದ್ದ ಸಂತತಿಯನ್ನು 1982ರಲ್ಲಿ ಅಲ್ಲೇ ಮತ್ತೆ ಬಿಟ್ಟರು. ಈಗ ಗಲ್ಫಿನ ಹಲವು ಕಡೆ ಇವೆ. ಕಂಡರೆ ಕಾರಿನಿಂದ ಇಳಿಯಬೇಡಿ, ಬಿಸ್ಕತ್ತು ಎಸೆಯಬೇಡಿ.

ಮತ್ತು ಸಣ್ಣ ಕಾರಿದ್ದರೆ ಡಾಂಬರು ರಸ್ತೆ ಬಿಡಬೇಡಿ. "ಎರಡೇ ಮೀಟರು" ಅಂತ ಅಣ್ಣ ಇಳಿಸಿದ. ಚಕ್ರ ಅರ್ಧ ಹೂತಿತು. ಒಂದು ತಾಸು ಕೈಯಲ್ಲೇ ಹೊಯ್ಗೆ ತೋಡಿದೆವು. ಕೊನೆಗೆ ಜೀಪಿನವರೊಬ್ಬರು ಹಗ್ಗ ಕಟ್ಟಿ ಎಳೆದರು.

ಕ್ಯಾಮೆರಾ ಎತ್ತುವ ಮೊದಲು

ಅಲ್ಲಿ ಕಾನೂನು ಬಿಗಿ. ವಿಮಾನ ನಿಲ್ದಾಣ, ಮಿಲಿಟರಿ ಜಾಗ, ಅರಮನೆ ಕಡೆಗೆ ಕ್ಯಾಮೆರಾ, ದುರ್ಬೀನು ಎರಡನ್ನೂ ತಿರುಗಿಸಬೇಡಿ. ಪಾರ್ಕಿನಲ್ಲಿ ಬೇರೆ ಕುಟುಂಬದವರು, ಅದರಲ್ಲೂ ಹೆಂಗಸರು ಫ್ರೇಮಿನಲ್ಲಿ ಬಾರದ ಹಾಗೆ ನೋಡಿಕೊಳ್ಳಿ. ಪೊದೆಯ ಹಕ್ಕಿ ಹೊರಗೆ ಬರಲಿ ಅಂತ ಮೊಬೈಲಿನಲ್ಲಿ ಅದರ ಕೂಗು ಹಾಕುವುದೂ ಬೇಡ. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿತು ಅಂತ ಅದು ಊಟ ಬಿಟ್ಟು ಒದ್ದಾಡುತ್ತದೆ.

ಒಂದು ಬೆಳಿಗ್ಗೆಗೆ ಎರಡು ತಾಸು ಸಾಕು. ಹತ್ತು ಗಂಟೆಗೆ ಹಕ್ಕಿಗಳೂ ನೆರಳಿಗೆ ಹೋಗುತ್ತವೆ, ಮಕ್ಕಳಿಗೂ ಹಸಿವಾಗುತ್ತದೆ. ಆಮೇಲೆ ಬೇಕಾದರೆ ಮಾಲಿಗೆ ಹೋಗಿ.