ನೀರು ನಮ್ಮ ಬೀದಿಗೇ ಯಾಕೆ ಬರುತ್ತೆ?

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಶಾಲೆ ಇರುವುದು ಬೆಂಗಳೂರಿನಲ್ಲಿ, ಬೆಳ್ಳಂದೂರು ಕೆರೆಯ ಕಡೆ. 2022ರ ಸೆಪ್ಟೆಂಬರ್ ಮಳೆಗೆ ಈ ಭಾಗದಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಕರೆತಂದದ್ದು ನಿಮಗೂ ನೆನಪಿರಬಹುದು. ಶಾಲೆ ಮತ್ತೆ ತೆರೆದ ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಪ್ರತಿ ಸಲ ನೀರು ನಮ್ಮ ಬೀದಿಗೇ ಯಾಕೆ ಬರುತ್ತೆ?" ಅವತ್ತಿನ ಪಾಠ ವಿಜಯನಗರದ ಆಡಳಿತ. ಪುಸ್ತಕ ಮುಚ್ಚಿಟ್ಟೆ.

ಮಾರನೇ ವಾರ ಹಳೇ ಗ್ರಾಮ ನಕ್ಷೆಯ ದೊಡ್ಡ ಪ್ರಿಂಟ್ ತಂದೆ. ಅದರಲ್ಲಿ ಸರ್ವೆ ನಂಬರು, ಕೆರೆ, ಕಾಲುವೆ ಎಲ್ಲ ಇರುತ್ತವೆ. ಮೇಲೆ ಬಟರ್ ಪೇಪರ್ ಹಾಸಿ, ಈಗಿನ ಬೀದಿಗಳನ್ನು ಮಕ್ಕಳ ಕೈಲೇ ಬರೆಸಿದೆ. ಆ ಹುಡುಗಿ ತನ್ನ ಬೀದಿಗೆ ಪೆನ್ಸಿಲ್ ಎಳೆಯುತ್ತಾ ಹೋದಳು. ಅರ್ಧಕ್ಕೆ ನಿಂತಳು. ಕೆಳಗಿನ ಹಾಳೆಯ ಕಾಲುವೆ ಗೆರೆ, ಅವಳ ಪೆನ್ಸಿಲ್ ಗೆರೆ, ಎರಡೂ ಒಂದೇ ಆಗಿದ್ದವು.

ಶನಿವಾರ ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ದಿನಾ ಓಡಾಡುವ ಒಂದು ರಸ್ತೆ ಎತ್ತರದಲ್ಲಿ, ಬಿಲ್ಲಿನ ಹಾಗೆ ಬಾಗಿದೆ. ಅದು ಕೆರೆಯ ಏರಿ ಅಂತ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಪಕ್ಕದ ಅಂಗಡಿಯ ಅಜ್ಜ ತೂಬು ಇದ್ದ ಜಾಗ ತೋರಿಸಿದರು. ನೀರುಗಂಟಿ ತೂಬೆತ್ತಿ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುತ್ತಿದ್ದದ್ದನ್ನೂ ಹೇಳಿದರು. ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮೂರಿಗೆ ದೊಡ್ಡ ನದಿ ಇಲ್ಲ. ಅದಕ್ಕೇ ಮಳೆ ನೀರನ್ನು ಹಿಡಿದಿಡಲು ಸಾಲಾಗಿ ಕೆರೆ ಕಟ್ಟಿದರು. ಒಂದು ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಅನ್ನುವ ದೊಡ್ಡ ಕಾಲುವೆಯಲ್ಲಿ ಮುಂದಿನದಕ್ಕೆ. ನಡುವಿನ ಕಾಲುವೆಯ ಮೇಲೆ ಮನೆ ಎದ್ದರೂ ಇಳಿಜಾರು ಬದಲಾಗಲಿಲ್ಲ, ಅಲ್ವಾ?

"ಅಷ್ಟು ಚೆನ್ನಾಗಿ ಕಟ್ಟಿದವರು ಯಾಕೆ ಕೈಬಿಟ್ರು?" ಅಂತ ಇನ್ನೊಬ್ಬ ಕೇಳಿದ. ನನಗೆ ಜಾಸ್ತಿ ಖುಷಿ ಕೊಟ್ಟ ಪ್ರಶ್ನೆ ಇದು. ಹಿಂದೆ ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿತ್ತುವಟ್ಟ ಅಂತ ಜಮೀನು ಬಿಡುತ್ತಿದ್ದರು. ಶಾಸನಗಳಲ್ಲಿ ಆ ಮಾತು ಬರುತ್ತದೆ. ಕೆರೆ ಉಳಿದರೆ ಅನ್ನ ಉಳಿಯುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು, 1974ರಲ್ಲಿ ಕಾವೇರಿ ಬಂತು. ನಲ್ಲಿ ತಿರುಗಿಸಿದರೆ ನೀರು ಬರುವಾಗ ಹೂಳೆತ್ತುವವರು ಯಾರು? ಗದ್ದೆ ಸೈಟಾಯಿತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ. ಹಳೇ ಕಾಲವೇ ಚೆಂದ ಅಂತ ಮಾತ್ರ ನಾನು ಹೇಳಿಕೊಡಲಿಲ್ಲ. ಹೂಳೆತ್ತಿದವರು ಯಾರು, ನೀರು ಮೊದಲು ಸಿಗುತ್ತಿದ್ದ ಗದ್ದೆ ಯಾರದು, ಅದನ್ನೂ ಅಜ್ಜನ ಹತ್ತಿರ ಕೇಳಿಸಿದೆ. ಎರಡೂ ಒಂದೇ ಮನೆಯವರದ್ದಲ್ಲ ಅಂದರು.

ವಿಜಯನಗರದ ಪಾಠಕ್ಕೆ ವಾಪಸ್ ಬಂದಾಗ ಮಕ್ಕಳೇ ಕೇಳಿದರು, ಅಲ್ಲಿ ಕೆರೆಗೆ ದುಡ್ಡು ಕೊಟ್ಟವರು ಯಾರು, ದುಡಿದವರು ಯಾರು ಅಂತ. ಅಷ್ಟು ವರ್ಷ ಪಾಠ ಮಾಡಿದರೂ ಆ ಪ್ರಶ್ನೆ ನನಗೆ ಬಂದಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು, ಕಸ ತುಂಬಿದ್ದ ಕಾಲುವೆ ಬಾಯಿ ತೆರೆಸಲು ಮಕ್ಕಳು ವಾರ್ಡ್ ಕಚೇರಿಗೆ ಅರ್ಜಿ ಬರೆದರು. ಮೊದಲ ಸಾಲು ಆ ಹುಡುಗಿಯದು: "ಇದು ಚರಂಡಿ ಅಲ್ಲ, ರಾಜಕಾಲುವೆ." ಅರ್ಜಿಯ ಹಿಂದೆ ಬಟರ್ ಪೇಪರನ್ನೂ ಪಿನ್ ಮಾಡಿದರು.