ಭೂಕಂಪ ಮತ್ತು ಚಂಡಮಾರುತ: ಹೊರಗಿನ ನೆರವು ತಲುಪುವ ಮುನ್ನ ಊರು ಮಾಡಿಕೊಳ್ಳಬೇಕಾದ ವ್ಯವಸ್ಥೆ

1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆ ನಗರವನ್ನು ಭೂಕಂಪ ಅಲುಗಿಸಿದಾಗ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜನ ಪ್ರಾಣ ಬಿಟ್ಟದ್ದು ಕುಸಿದ ಮನೆಗಳ ಅಡಿಯಲ್ಲಿ. ಅದೇ ಅವಶೇಷಗಳಿಂದ ಜೀವಂತವಾಗಿ ಹೊರಬಂದವರಲ್ಲಿ ಹೆಚ್ಚಿನವರನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಹೊರೆಯವರು. ತರಬೇತಿ ಪಡೆದ ದಳಗಳು ಎಲ್ಲ ಬೀದಿಗಳನ್ನೂ ತಲುಪುವ ಹೊತ್ತಿಗೆ ಬದುಕಿಸಬಹುದಾದ ಸಮಯ ಬಹಳಷ್ಟು ಕಳೆದುಹೋಗಿತ್ತು. ದೊಡ್ಡ ಭೂಕಂಪಗಳ ಮೊದಲ ಗಂಟೆಗಳು ಸಾಮಾನ್ಯವಾಗಿ ಹೀಗೆಯೇ ಸಾಗುತ್ತವೆ. ಆದ್ದರಿಂದ ಸ್ಥಳೀಯ ಆಡಳಿತವಾಗಲಿ, ಬಡಾವಣೆಯ ಸಂಘವಾಗಲಿ, ಒಂದು ಶಾಲೆಯಾಗಲಿ ಯೋಜನೆ ಮಾಡುವಾಗ, ಮೊದಲ ಒಂದೆರಡು ದಿನ ಹೊರಗಿನಿಂದ ಯಾರೂ ಬರುವುದಿಲ್ಲ ಎಂದು ಭಾವಿಸಿಯೇ ಕೆಲಸ ಆರಂಭಿಸಬೇಕು.

ಭೂಕಂಪಕ್ಕೂ ಚಂಡಮಾರುತಕ್ಕೂ ಒಂದೇ ಸಮಿತಿ ಸಾಕು. ಆದರೆ ಎರಡರ ಕಾಲಕ್ರಮ ಬೇರೆ ಎಂಬುದನ್ನು ಆ ಸಮಿತಿ ಮರೆಯಬಾರದು. ಚಂಡಮಾರುತ ಬರುವ ಮುನ್ನ ಗಂಟೆಗಳಷ್ಟು, ಹಲವು ಬಾರಿ ದಿನಗಳಷ್ಟು ಬಿಡುವು ಸಿಗುತ್ತದೆ. ಜೀವ ಉಳಿಸುವ ಕೆಲಸವೆಲ್ಲ ಗಾಳಿ ಬೀಸುವ ಮೊದಲೇ ಮುಗಿದಿರಬೇಕು. ಭೂಕಂಪ ಯಾವ ದಿನ, ಯಾವ ಗಳಿಗೆಯಲ್ಲಿ ಆಗುತ್ತದೆಂದು ಮುಂಚಿತವಾಗಿ ಹೇಳುವ ವಿಧಾನ ಇಂದಿಗೂ ಇಲ್ಲ. ಅಲ್ಲಿ ಕೆಲಸ ಶುರುವಾಗುವುದು ನೆಲ ಅಲುಗಿದ ಮೇಲೆ. ಎರಡಕ್ಕೂ ಒಂದೇ ಸಾಮಾನ್ಯ ಪಟ್ಟಿ ಬರೆದಿಟ್ಟುಕೊಂಡ ಊರುಗಳು ಎರಡರಲ್ಲೂ ಎಡವುತ್ತವೆ.

ತಂಡವನ್ನು ಕಟ್ಟುವುದು

ಐದರಿಂದ ಏಳು ಜನರ ಒಂದು ನಿರ್ವಹಣಾ ತಂಡ ಮೊದಲು ಆಗಬೇಕು. ಒಬ್ಬರು ಮುಖ್ಯಸ್ಥರು, ಉಳಿದವರಿಗೆ ಶೋಧ ಮತ್ತು ರಕ್ಷಣೆ, ಗಾಯಾಳುಗಳ ಆರೈಕೆ, ಸಂಪರ್ಕ, ಆಶ್ರಯ, ನೀರು ಮತ್ತು ಸಾಮಗ್ರಿ ಎಂದು ಒಂದೊಂದು ಹೊಣೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ಭಾರಿ ಕಾಳ್ಗಿಚ್ಚುಗಳ ನಂತರ ರೂಪುಗೊಂಡು, ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಘಟನಾ ನಿರ್ವಹಣಾ ಪದ್ಧತಿಯ ಮೂಲ ನಿಯಮಗಳಲ್ಲಿ ಒಂದು ಇಲ್ಲಿ ನೆರವಿಗೆ ಬರುತ್ತದೆ: ಒಬ್ಬ ವ್ಯಕ್ತಿ ಮೂರರಿಂದ ಏಳು ಜನರನ್ನು ಮಾತ್ರ ನೇರವಾಗಿ ನೋಡಿಕೊಳ್ಳಬೇಕು, ಮತ್ತು ಪ್ರತಿಯೊಬ್ಬರೂ ಒಬ್ಬರಿಗೆ ಮಾತ್ರ ಉತ್ತರ ಹೇಳಬೇಕು. ಇಪ್ಪತ್ತು ಸ್ವಯಂಸೇವಕರು ಒಬ್ಬರೇ ಮುಖ್ಯಸ್ಥರನ್ನು ಸುತ್ತುವರಿದು ನಿಂತರೆ ಆದೇಶವೂ ಹೊರಡುವುದಿಲ್ಲ, ವರದಿಯೂ ತಲುಪುವುದಿಲ್ಲ.

ಪ್ರತಿ ಹೊಣೆಗೂ ಎರಡನೆಯ ಮತ್ತು ಮೂರನೆಯ ಹೆಸರು ಇರಲೇಬೇಕು. ಭೂಕಂಪದಲ್ಲಿ ಮುಖ್ಯಸ್ಥರ ಮನೆಯೇ ಕುಸಿದಿರಬಹುದು, ಅವರು ಊರಲ್ಲೇ ಇಲ್ಲದಿರಬಹುದು. ಒಟ್ಟುಗೂಡುವ ಸ್ಥಳಕ್ಕೆ ಮೊದಲು ಬಂದವರು ಹೊಣೆ ಹೊರುತ್ತಾರೆ, ಪಟ್ಟಿಯಲ್ಲಿ ತಮಗಿಂತ ಮೇಲಿನವರು ಬಂದಾಗ ಅದನ್ನು ಒಪ್ಪಿಸುತ್ತಾರೆ ಎಂಬ ನಿಯಮವನ್ನು ಬರವಣಿಗೆಯಲ್ಲಿ ಇಟ್ಟರೆ ಗೊಂದಲ ಬಹಳ ಕಡಿಮೆಯಾಗುತ್ತದೆ.

ಮನೆಗಳ ಪಟ್ಟಿ ಮತ್ತು ನಕ್ಷೆ

ಇಡೀ ಸಿದ್ಧತೆಯಲ್ಲಿ ನಾನು ಅತ್ಯಂತ ಹೆಚ್ಚು ಬೆಲೆ ಕೊಡುವುದು ಮನೆಗಳ ಪಟ್ಟಿಗೆ. ಪ್ರತಿ ಮನೆಯಲ್ಲಿ ಎಷ್ಟು ಜನ ಇದ್ದಾರೆ, ಹಗಲಿನಲ್ಲಿ ಎಷ್ಟು, ರಾತ್ರಿ ಎಷ್ಟು, ತಾವಾಗಿ ನಡೆಯಲಾರದವರು ಯಾರು, ಆಮ್ಲಜನಕದ ಯಂತ್ರ ಅಥವಾ ಡಯಾಲಿಸಿಸ್ ಅವಲಂಬಿಸಿದವರು ಯಾರು, ಕಿವಿ ಕೇಳಿಸದವರು, ಗರ್ಭಿಣಿಯರು ಮತ್ತು ಒಂಟಿಯಾಗಿರುವ ವೃದ್ಧರು ಯಾರು ಎಂಬುದು ಅದರಲ್ಲಿರಬೇಕು. ಅವಶೇಷಗಳ ಮುಂದೆ ನಿಂತಾಗ ಒಳಗೆ ಎಷ್ಟು ಜನ ಇರಬಹುದು, ಯಾವ ಕೋಣೆಯಲ್ಲಿ ಮಲಗುತ್ತಿದ್ದರು ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಎಲ್ಲಿ ಅಗೆಯಬೇಕೆಂಬುದನ್ನು ನಿರ್ಧರಿಸುತ್ತದೆ. ನಡೆಯಲಾರದ ಪ್ರತಿಯೊಬ್ಬರ ಹೆಸರಿನ ಎದುರು ಅವರನ್ನು ಹೊತ್ತು ತರುವ ಇಬ್ಬರ ಹೆಸರನ್ನು ಬರೆದು, ಆ ಇಬ್ಬರ ಒಪ್ಪಿಗೆಯನ್ನೂ ಪಡೆದಿರಬೇಕು. ಇಷ್ಟು ಮಾಡದೆ ‘ದುರ್ಬಲರಿಗೆ ಆದ್ಯತೆ’ ಎಂದು ಬರೆದರೆ ಅದು ಕಾಗದದಲ್ಲೇ ಉಳಿಯುತ್ತದೆ. ಇದು ಜನರ ಖಾಸಗಿ ಮಾಹಿತಿಯಾದ್ದರಿಂದ ಎರಡು ಮೂರು ಜವಾಬ್ದಾರಿಯುತರ ಬಳಿ ಮಾತ್ರ, ಮುದ್ರಿತ ಪ್ರತಿಯಾಗಿ ಇರಲಿ. ವಿದ್ಯುತ್ ಹೋದ ಮೇಲೆ ಫೋನಿನಲ್ಲಿರುವ ಪಟ್ಟಿ ಹೆಚ್ಚು ಹೊತ್ತು ಬಾಳುವುದಿಲ್ಲ.

ಇದರ ಜೊತೆಗೊಂದು ದೊಡ್ಡ ಕೈನಕ್ಷೆ ಬೇಕು. ವಿದ್ಯುತ್ ಪರಿವರ್ತಕಗಳು, ಅನಿಲ ಕೊಳವೆಯ ಕವಾಟಗಳು, ನೀರಿನ ಮೂಲಗಳು, ಕಂಬ ಮತ್ತು ತಂತಿಗಳಿಲ್ಲದ ಬಯಲು, ತಗ್ಗಿನ ಪ್ರದೇಶ, ಹಳೆಯ ಕಲ್ಲು–ಮಣ್ಣಿನ ಗೋಡೆಯ ಮನೆಗಳು, ತಳದಲ್ಲಿ ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತ ಬಹುಮಹಡಿ ಕಟ್ಟಡಗಳು ಅದರಲ್ಲಿ ಕಾಣಬೇಕು. ಉಪಕರಣಗಳಲ್ಲಿ ಹಾರೆ, ಗುದ್ದಲಿ, ಗರಗಸ, ವಾಹನದ ಜಾಕ್, ದಪ್ಪ ಮರದ ತುಂಡುಗಳು, ಹಗ್ಗ, ಕೈಗವಸು, ಹೆಲ್ಮೆಟ್, ಬ್ಯಾಟರಿ ದೀಪ, ಸೀಟಿ ಇಷ್ಟಿದ್ದರೂ ಬಹಳ ಕೆಲಸ ಆಗುತ್ತದೆ. ಅವನ್ನೆಲ್ಲ ಒಂದೇ ಕಟ್ಟಡದಲ್ಲಿ ಬೀಗ ಹಾಕಿ ಇಡಬೇಡಿ.

ಚಂಡಮಾರುತ: ಹಿಂದಕ್ಕೆ ಎಣಿಸುತ್ತ ಯೋಜಿಸುವುದು

1970ರ ನವೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದ ಕರಾವಳಿಗೆ ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರೆಂದು ಅಂದಾಜಿದೆ. 1972ರಲ್ಲಿ ಅಲ್ಲಿ ಆರಂಭವಾದ ಚಂಡಮಾರುತ ಸಿದ್ಧತಾ ಕಾರ್ಯಕ್ರಮವು ಹಳ್ಳಿ ಹಳ್ಳಿಯಲ್ಲೂ ಸ್ವಯಂಸೇವಕರನ್ನು ನೇಮಿಸಿ, ಸಂಕೇತದ ಬಾವುಟ, ಕೈ ಧ್ವನಿವರ್ಧಕ ಮತ್ತು ಸೈರನ್ ಕೊಟ್ಟು, ಎಚ್ಚರಿಕೆಯನ್ನು ಮನೆಬಾಗಿಲಿಗೆ ಮುಟ್ಟಿಸುವ ಕೆಲಸ ಹಚ್ಚಿತು. ಒಡಿಶಾದಲ್ಲಿ 1999ರ ಮಹಾಚಂಡಮಾರುತ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತ್ತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವುಗಳು ನೂರರೊಳಗೆ ಉಳಿದವು. ಎರಡು ಕಡೆಯೂ ಹವಾಮಾನ ಮುನ್ಸೂಚನೆ ಸುಧಾರಿಸಿದ್ದು ನಿಜ. ಆದರೆ ಮುನ್ಸೂಚನೆಯನ್ನು ಕೇಳಿ ಮನೆ ಬಿಟ್ಟು ಹೊರಡುವಂತೆ ಒಪ್ಪಿಸಿದ ಸ್ಥಳೀಯರಿಲ್ಲದಿದ್ದರೆ ಆ ಸುಧಾರಣೆ ಜನರ ಪ್ರಾಣ ಉಳಿಸುತ್ತಿರಲಿಲ್ಲ.

ಯೋಜನೆಯನ್ನು ಗಾಳಿ ಬಲವಾಗುವ ಗಳಿಗೆಯಿಂದ ಹಿಂದಕ್ಕೆ ಎಣಿಸುತ್ತ ಬರೆಯಬೇಕು. ಕೊನೆಯ ವಾಹನ ಆಶ್ರಯ ಕೇಂದ್ರ ತಲುಪಲು ಎಷ್ಟು ಹೊತ್ತು ಬೇಕು, ಅದಕ್ಕೆ ಮುನ್ನ ನಡೆಯಲಾರದವರನ್ನು ಸಾಗಿಸಲು ಎಷ್ಟು, ಮನೆ ಮನೆಗೆ ಹೇಳಲು ಎಷ್ಟು ಎಂದು ಕೂಡಿಸುತ್ತ ಹೋದರೆ ಸ್ಥಳಾಂತರ ಆರಂಭಿಸಬೇಕಾದ ಗಳಿಗೆ ತಾನಾಗಿ ತಿಳಿಯುತ್ತದೆ. ಬಹಳ ಕಡೆ ಅದು ಜನ ಊಹಿಸುವುದಕ್ಕಿಂತ ತುಂಬಾ ಮುಂಚೆಯೇ ಇರುತ್ತದೆ. ಕತ್ತಲಲ್ಲಿ, ಮಳೆಯಲ್ಲಿ ಸ್ಥಳಾಂತರ ಮಾಡುವ ಪ್ರಸಂಗ ಬರದಂತೆ ಹಗಲಿನ ಬೆಳಕಿನೊಳಗೇ ಕೆಲಸ ಮುಗಿಸುವುದು ಮೇಲು.

ಯಾರನ್ನು ಕಳುಹಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸರಳ: ನೀರು ನುಗ್ಗುವ ಜಾಗದವರನ್ನು ಮತ್ತು ಗಾಳಿಗೆ ನಿಲ್ಲಲಾರದ ಮನೆಗಳವರನ್ನು. ಕರಾವಳಿಯಲ್ಲಿ ಹೆಚ್ಚು ಜೀವ ತೆಗೆಯುವುದು ಗಾಳಿ ತಳ್ಳಿಕೊಂಡು ಬರುವ ಕಡಲಿನ ಉಬ್ಬರ. ಗಟ್ಟಿ ಕಟ್ಟಡದಲ್ಲಿ, ಎತ್ತರದ ಜಾಗದಲ್ಲಿ ಇರುವವರು ಕಿಟಕಿಗಳಿಂದ ದೂರ ಒಳಕೋಣೆಯಲ್ಲಿ ಇದ್ದರೆ ಸಾಕು. ಅವರೂ ರಸ್ತೆಗಿಳಿದರೆ ನಿಜವಾಗಿ ಹೊರಡಬೇಕಾದವರ ದಾರಿ ಕಟ್ಟುತ್ತದೆ.

ಜನ ಏಕೆ ಹೊರಡುವುದಿಲ್ಲ ಎಂಬುದನ್ನು ಸಮಿತಿ ಮೊದಲೇ ಕೇಳಿ ತಿಳಿಯಬೇಕು. ಜಾನುವಾರುಗಳನ್ನು ಬಿಟ್ಟು ಹೋಗಲಾಗದು, ಮನೆ ಕಳ್ಳತನವಾದೀತು, ಆಶ್ರಯ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯವಿಲ್ಲ, ಕಳೆದ ಸಲ ಎಚ್ಚರಿಕೆ ಕೊಟ್ಟರೂ ಏನೂ ಆಗಲಿಲ್ಲ ಎಂಬ ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ಇವು ಮೂಢತನವಲ್ಲ, ನ್ಯಾಯವಾದ ಆತಂಕಗಳು. ಪ್ರಾಣಿಗಳಿಗೆ ಎತ್ತರದ ಜಾಗ ಗೊತ್ತುಮಾಡಿ, ಕೇಂದ್ರದಲ್ಲಿ ದೀಪವಿರುವ ಪ್ರತ್ಯೇಕ ಶೌಚಾಲಯ ಮಾಡಿ, ಗಾಳಿ ನಿಂತ ಕೂಡಲೇ ಬೀದಿಗಳಲ್ಲಿ ಕಾವಲು ಇರುತ್ತದೆಂದು ಭರವಸೆ ಕೊಟ್ಟರೆ ಹಲವರು ಮನಸ್ಸು ಬದಲಿಸುತ್ತಾರೆ. ಗದರಿಸಿದರೆ ಬದಲಿಸುವುದಿಲ್ಲ.

ಇನ್ನೆರಡು ಮಾತುಗಳನ್ನು ಸ್ಪಷ್ಟವಾಗಿ ಬರೆದಿಡಬೇಕು. ಒಂದು, ಗಾಳಿ ಯಾವ ಮಟ್ಟ ಮುಟ್ಟಿದ ಮೇಲೆ ರಕ್ಷಣಾ ತಂಡವೂ ಹೊರಗೆ ಹೋಗುವುದಿಲ್ಲ ಎಂಬ ಮಿತಿ. ಅದನ್ನು ಊರಿಗೆ ಮೊದಲೇ ತಿಳಿಸಿರಬೇಕು. ಇನ್ನೊಂದು, ಚಂಡಮಾರುತದ ಕಣ್ಣು, ಅಂದರೆ ಅದರ ಶಾಂತವಾದ ನಡುಭಾಗ, ಹಾದುಹೋಗುವಾಗ ಗಾಳಿ ದಿಢೀರನೆ ನಿಂತು ಆಕಾಶವೂ ತಿಳಿಯಾಗಬಹುದು. ಅದು ಮುಗಿಯಿತೆಂದು ಹೊರಬಂದವರನ್ನು ಎದುರು ದಿಕ್ಕಿನಿಂದ ಅಷ್ಟೇ ಬಿರುಸಿನ ಗಾಳಿ ಹಿಡಿಯುತ್ತದೆ. ಅಧಿಕೃತ ಪ್ರಕಟಣೆ ಬರುವ ತನಕ ಕೇಂದ್ರದ ಬಾಗಿಲು ಮುಚ್ಚಿಯೇ ಇರಲಿ.

ಭೂಕಂಪ: ಅಲುಗಾಟದಿಂದ ಮೊದಲ ದಿನದವರೆಗೆ

ನೆಲ ಅಲುಗುತ್ತಿರುವಾಗ ಯಾರೂ ಯಾರನ್ನೂ ನಿರ್ವಹಿಸಲಾರರು. ಆಗ ಕೆಲಸಕ್ಕೆ ಬರುವುದು ಅಭ್ಯಾಸ ಮಾತ್ರ. ಬಗ್ಗಿ, ಗಟ್ಟಿ ಮೇಜಿನಡಿ ಸೇರಿ ತಲೆ–ಕತ್ತು ಮುಚ್ಚಿಕೊಂಡು, ಮೇಜಿನ ಕಾಲನ್ನು ಹಿಡಿದಿರಬೇಕು. ಓಡುವವರ ಮೇಲೆಯೇ ಗಾಜು, ಇಟ್ಟಿಗೆ, ಮಾಳಿಗೆಯ ಅಂಚಿನ ಗಿಡ್ಡ ಗೋಡೆಗಳು ಬೀಳುತ್ತವೆ. ಇದಕ್ಕೊಂದು ಅಪವಾದವಿದೆ: ಭಾರವಾದ ಮಣ್ಣಿನ ಮಾಳಿಗೆಯ ಮನೆಯ ನೆಲಮಹಡಿಯಲ್ಲಿ, ಬಾಗಿಲ ಪಕ್ಕದಲ್ಲೇ ಇದ್ದು ಹೊರಗೆ ಬಯಲಿದ್ದರೆ ತಟ್ಟನೆ ಹೊರಬರುವುದು ಒಳ್ಳೆಯದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಸಾವಿರಾರು ಜನ ಸತ್ತದ್ದು ದಪ್ಪ ಕಲ್ಲುಗೋಡೆ ಮತ್ತು ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೆ ಕುಸಿದದ್ದರಿಂದ. ಕಡಲತೀರದಲ್ಲಿರುವವರಿಗೆ ದೀರ್ಘವಾದ ಅಥವಾ ಬಲವಾದ ಅಲುಗಾಟವೇ ಸುನಾಮಿಯ ಎಚ್ಚರಿಕೆ. ಅಲುಗಾಟ ನಿಂತ ಕೂಡಲೇ ಎತ್ತರದ ಜಾಗಕ್ಕೆ ನಡೆಯಬೇಕು. 2004ರಲ್ಲಿ ಇಂಡೋನೇಷ್ಯಾದ ಸಿಮೆಲುಯೆ ದ್ವೀಪದವರು ಹಿರಿಯರಿಂದ ಕೇಳಿಬಂದ ಇದೇ ತಿಳಿವಳಿಕೆಯಿಂದ ಬೆಟ್ಟ ಹತ್ತಿ, ಕೆಲವೇ ಜನರ ಹೊರತು ಎಲ್ಲರೂ ಬದುಕಿದರು.

ಅಲುಗಾಟ ನಿಂತ ಮೇಲೆ ಪ್ರತಿಯೊಬ್ಬರೂ ಮೊದಲು ತಮ್ಮ ಮನೆಯವರನ್ನು ನೋಡಿ, ಅನಿಲ ಮತ್ತು ಬೆಂಕಿ ಆರಿಸಿ ಹೊರಬರಲಿ. ಅನಿಲದ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಕಡ್ಡಿ ಗೀರಬಾರದು. ತಂಡದವರು ಗೊತ್ತಾದ ಬಯಲಿನಲ್ಲಿ ಸೇರಿ, ಬಂದವರ ತಲೆ ಎಣಿಸಿ, ಪಟ್ಟಿಯೊಂದಿಗೆ ಹೋಲಿಸಬೇಕು. ಕಂಡ ಮೊದಲ ಅವಶೇಷದ ಮೇಲೆ ಎಲ್ಲರೂ ಮುಗಿಬೀಳುವುದು ಮನುಷ್ಯ ಸಹಜ. ಆದರೂ ಮೊದಲ ಹತ್ತು ಹದಿನೈದು ನಿಮಿಷ ಇಬ್ಬಿಬ್ಬರಂತೆ ಇಡೀ ಪ್ರದೇಶ ಸುತ್ತಿ ಬೆಂಕಿ ಎಲ್ಲಿದೆ, ಯಾವ ಕಟ್ಟಡ ಎಷ್ಟು ಹಾನಿಯಾಗಿದೆ, ಎಲ್ಲಿಂದ ಕೂಗು ಕೇಳುತ್ತಿದೆ ಎಂದು ನೋಡಿ ಬಂದು ಹೇಳಿದರೆ, ಇರುವ ಕೈಗಳು ಹೆಚ್ಚು ಜನರನ್ನು ಉಳಿಸುತ್ತವೆ. ಸುಲಭವಾಗಿ ಬಿಡಿಸಬಹುದಾದವರನ್ನು ಮೊದಲು ಬಿಡಿಸಿ. ವಾಲಿದ, ಭಾಗಶಃ ಕುಸಿದ ಕಟ್ಟಡದೊಳಗೆ ತರಬೇತಿಯಿಲ್ಲದವರು ಹೋಗಬಾರದು. ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಬಲ್ಲೆ, ಆದರೂ ಒಳಹೋದವರೂ ಸಿಲುಕಿದರೆ ಉಳಿದ ಬೀದಿಗಳಿಗೆ ಯಾರೂ ಇರುವುದಿಲ್ಲ.

ಶೋಧದ ನಡುವೆ ಆಗಾಗ ಎಲ್ಲ ಯಂತ್ರ, ಮಾತು, ಓಡಾಟ ನಿಲ್ಲಿಸಿ, ಒಬ್ಬರು ಕೂಗಿ ಕರೆದು, ಉಳಿದವರು ಕಿವಿಗೊಟ್ಟು ಕೇಳಬೇಕು. ಹುಡುಕಿದ ಮನೆಯ ಮುಂದೆ ದಿನಾಂಕ, ಸಮಯ, ಸಿಕ್ಕವರ ಸಂಖ್ಯೆಯನ್ನು ಸುಣ್ಣದಲ್ಲೋ ಬಣ್ಣದಲ್ಲೋ ಬರೆದಿಟ್ಟರೆ ಅದೇ ಮನೆಯನ್ನು ಮತ್ತೆ ಮತ್ತೆ ಹುಡುಕುವುದು ತಪ್ಪುತ್ತದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೈಕಾಲುಗಳು ಭಾರದಡಿ ಸಿಲುಕಿದವರ ಮೇಲಿನ ಭಾರವನ್ನು ಎತ್ತುವ ಮುನ್ನ ಸಾಧ್ಯವಾದರೆ ವೈದ್ಯರನ್ನು ಕರೆಸಿ. ಜಜ್ಜಿದ ಸ್ನಾಯುಗಳಿಂದ ಪೊಟ್ಯಾಸಿಯಂ ಮುಂತಾದವು ಒಮ್ಮೆಲೇ ರಕ್ತಕ್ಕೆ ಸೇರಿ, ಆವರೆಗೆ ಮಾತಾಡುತ್ತಿದ್ದವರ ಹೃದಯ ನಿಲ್ಲಬಹುದು.

ಗಾಯಾಳುಗಳು ಹಲವರಿದ್ದಾಗ ವಿಂಗಡಣೆ ಅನಿವಾರ್ಯ. ಎದ್ದು ನಡೆಯಬಲ್ಲವರಿಗೆ ಹಸಿರು ಪಟ್ಟಿ. ಉಸಿರು ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ, ‘ಕೈ ಎತ್ತಿ’ ಎಂಬಂಥ ಸರಳ ಮಾತನ್ನು ಪಾಲಿಸಲಾಗದಿದ್ದರೆ ಕೆಂಪು. ಅವರಿಗೆ ಮೊದಲ ಸಾಗಣೆ. ಉಳಿದವರು ಹಳದಿ. ಉಸಿರಿನ ದಾರಿ ತೆರೆದರೂ ಉಸಿರಾಡದವರು ಕಪ್ಪು. ರಕ್ತ ಚಿಮ್ಮುತ್ತಿದ್ದರೆ ವಿಂಗಡಿಸುವಾಗಲೇ ಒತ್ತಿ ನಿಲ್ಲಿಸಬೇಕು.

ಮರುಕಂಪನಗಳು ಬಂದೇ ಬರುತ್ತವೆ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪವಾದ ಮೇಲೆ ಮೇ 12ರಂದು 7.3 ಪ್ರಮಾಣದ ಇನ್ನೊಂದು ಕಂಪನ ಬಂದು ಮತ್ತಷ್ಟು ಜೀವ ತೆಗೆಯಿತು. ಬಿರುಕು ಬಿಟ್ಟ ಮನೆಗೆ ಬಟ್ಟೆ, ಕಾಗದಪತ್ರ ತರಲೆಂದು ಹೋಗುವವರನ್ನು ತಡೆಯಲು ಒಬ್ಬರನ್ನು ನೇಮಿಸಿ, ಎಂಜಿನಿಯರ್ ಪರೀಕ್ಷಿಸಿ ಹೇಳುವ ತನಕ ಒಳಗೆ ಹೋಗಗೊಡಬೇಡಿ.

ಎರಡಕ್ಕೂ ಅನ್ವಯಿಸುವ ಕೆಲಸಗಳು

ಫೋನ್ ಕರೆಗಳು ಸೇರದಿದ್ದಾಗಲೂ ಕಿರು ಸಂದೇಶ ಹೋಗುವ ಸಾಧ್ಯತೆ ಹೆಚ್ಚು. ಊರಿಗೆ ಪ್ರಕಟಣೆ ಒಬ್ಬರ ಬಾಯಿಂದಲೇ, ಹೇಳಿದ ಸಮಯಕ್ಕೆ ಸರಿಯಾಗಿ ಬರಲಿ, ಹೊಸ ಸುದ್ದಿ ಇಲ್ಲದಿದ್ದರೆ ಇಲ್ಲವೆಂದೇ ಹೇಳಲಿ. ಸುದ್ದಿಯಿಲ್ಲದ ಹೊತ್ತಿನಲ್ಲೇ ವದಂತಿ ಬೆಳೆಯುವುದು. ಕುಡಿಯುವ ನೀರನ್ನು ಕುದಿಸಲಾಗದಿದ್ದರೆ, ಸುಗಂಧ ಬೆರೆಸದ ಸುಮಾರು ಶೇ 5ರ ಬ್ಲೀಚ್ ದ್ರಾವಣವನ್ನು ಲೀಟರಿಗೆ ಎರಡು ಹನಿಯಂತೆ ಬೆರೆಸಿ 30 ನಿಮಿಷ ಬಿಡಬೇಕು. ಕದಡಿದ ನೀರಾದರೆ ಸೋಸಿ, ಹನಿಗಳನ್ನು ಇಮ್ಮಡಿಗೊಳಿಸಬೇಕು. ಆಶ್ರಯ ಕೇಂದ್ರದಲ್ಲಿ ಒಬ್ಬರಿಗೆ ಮೂರೂವರೆ ಚದರ ಮೀಟರ್ ಜಾಗ, ದಿನಕ್ಕೆ ಒಟ್ಟು 15 ಲೀಟರ್ ನೀರು ಎಂಬುದು ಅಂತರರಾಷ್ಟ್ರೀಯ ಪರಿಹಾರ ಕಾರ್ಯಗಳಲ್ಲಿ ಒಪ್ಪಿತವಾದ ಕನಿಷ್ಠ ಮಟ್ಟ. ಜನರೇಟರನ್ನು ಒಳಗೆ ಅಥವಾ ಕಿಟಕಿಯ ಬಳಿ ಇಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಬಿದ್ದ ತಂತಿಗಳೆಲ್ಲ ವಿದ್ಯುತ್ ಹರಿಯುತ್ತಿರುವ ತಂತಿಗಳೆಂದೇ ತಿಳಿಯಿರಿ.

ಅಣಕು ಕಾರ್ಯಾಚರಣೆ ವರ್ಷಕ್ಕೊಮ್ಮೆಯಾದರೂ ನಡೆಯಬೇಕು. 1923ರ ಕಾಂಟೊ ಭೂಕಂಪ ಸಂಭವಿಸಿದ ಸೆಪ್ಟೆಂಬರ್ 1ನ್ನು ಜಪಾನ್ ವಿಪತ್ತು ತಡೆ ದಿನವಾಗಿ ಗೊತ್ತುಪಡಿಸಿಕೊಂಡು ದೇಶದಾದ್ಯಂತ ಅಭ್ಯಾಸ ನಡೆಸುತ್ತದೆ. ಒಮ್ಮೆ ರಾತ್ರಿ, ಒಮ್ಮೆ ಮುಖ್ಯಸ್ಥರು ಇಲ್ಲದೆ, ಒಮ್ಮೆ ಫೋನ್ ಬಳಸದೆ ಮಾಡಿ ನೋಡಿದರೆ ಯೋಜನೆಯ ಲೋಪಗಳು ಕಾಣುತ್ತವೆ, ಮನೆಗಳ ಪಟ್ಟಿಯನ್ನು ತಿದ್ದಲೂ ಅದೇ ಸಂದರ್ಭ.

ಹೊರಗಿನ ದಳಗಳು ಬಂದಾಗ ಅವರ ಕೈಗೆ ಒಂದು ಪುಟದ ಬರಹ ಕೊಡಿ: ಹುಡುಕಿದ ಮನೆಗಳು, ಇನ್ನೂ ಲೆಕ್ಕಕ್ಕೆ ಸಿಗದವರ ಹೆಸರು ಮತ್ತು ಅವರು ಕೊನೆಯದಾಗಿ ಇದ್ದ ಜಾಗ, ಕೂಗು ಕೇಳಿಬಂದ ಸ್ಥಳ ಮತ್ತು ಸಮಯ, ಮುಚ್ಚಿದ ರಸ್ತೆಗಳು, ಅನಿಲ ಅಥವಾ ವಿದ್ಯುತ್ತಿನ ಅಪಾಯವಿರುವ ಕಡೆಗಳು. ನಂತರ ಪ್ರತಿ ದಳದ ಜೊತೆಗೂ ಬೀದಿಗಳನ್ನು ಬಲ್ಲ ಊರಿನವರೊಬ್ಬರನ್ನು ಕಳುಹಿಸಿ, ಉಳಿದವರಿಗೆ ಸರದಿಯಂತೆ ಊಟ, ನಿದ್ದೆ ಸಿಗುವಂತೆ ಮುಖ್ಯಸ್ಥರು ನೋಡಿಕೊಳ್ಳಬೇಕು.